ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರ ಹನ್ನೊಂದು

ಬೋಧನಾಭ್ಯಾಸದ ನನ್ನ ಹದಿನೇಳನೇ ಪಾಠಕ್ಕೆ ವೀಕ್ಷಣಾ ಪುಸ್ತಕದಲ್ಲಿ ಒಳ್ಳೆಯ ಷರಾ ಬಿದ್ದಿದೆ. "ವಿಷಯ ಪ್ರಭುತ್ವ ಚೆನ್ನಾಗಿದೆ. ವಿದ್ಯಾರ್ಥಿಗಳ ಪ್ರಶ್ನೆಗೆ ತಡವರಿಸದೆ ಉತ್ತರಿಸಿದ್ದಾರೆ" ಎಂದು ಮಾರ್ಗದರ್ಶಕ ಉಪನ್ಯಾಸಕರು ಬರೆದು ಸಹಿ ಮಾಡಿದ್ದಾರೆ. ತಡವರಿಸದೆ ಕೊಟ್ಟ ಆ ಉತ್ತರ ತಪ್ಪಾಗಿತ್ತು. ಅದು ಆ ದಿನ ಅವರಿಗೂ ಗೊತ್ತಾಗಲಿಲ್ಲ, ಹಿಂದಿನ ಬೆಂಚಿನಲ್ಲಿ ಕುಳಿತು ವೀಕ್ಷಿಸುತ್ತಿದ್ದ ನನ್ನ ಇಬ್ಬರು ಸಹಪಾಠಿಗಳಿಗೂ ಗೊತ್ತಾಗಲಿಲ್ಲ, ನನಗಂತೂ ಗೊತ್ತಾಗಲೇ ಇಲ್ಲ.

ಎಂಟನೇ ತರಗತಿ, ಘಟಕ 'ವರ್ಗಗಳು ಮತ್ತು ವರ್ಗಮೂಲಗಳು'. ವರ್ಗಸಂಖ್ಯೆಗಳಲ್ಲಿ ಕಾಣುವ ವಿನ್ಯಾಸಗಳನ್ನು ತೋರಿಸುವುದು ಅಂದಿನ ಪಾಠ. ಅವುಗಳಲ್ಲಿ ಮಕ್ಕಳಿಗೆ ಬಹಳ ಇಷ್ಟವಾಗುವುದು ಒಂದುಗಳ ವರ್ಗ. 11ರ ವರ್ಗ 121, 111ರ ವರ್ಗ 12321, 1111ರ ವರ್ಗ 1234321. ಏಳು ಒಂದುಗಳವರೆಗೆ ಕಪ್ಪುಹಲಗೆಯ ಮೇಲೆ ಮೆಟ್ಟಿಲಿನಂತೆ ಬರೆದೆ. 1111111ರ ವರ್ಗ 1234567654321. ಏಳರವರೆಗೆ ಹತ್ತಿ ಮತ್ತೆ ಇಳಿಯುತ್ತದೆ. ಒಂಬತ್ತು ಒಂದುಗಳವರೆಗೂ ಈ ಮೆಟ್ಟಿಲು ಸರಿಯಾಗಿ ನಿಲ್ಲುತ್ತದೆ, ಹತ್ತಕ್ಕೆ ದಶಕ ಸೇರಿಕೊಂಡು ಕೆಡುತ್ತದೆ. "ಈ ಸಂಖ್ಯೆ ಓದಿ ನೋಡೋಣ" ಎಂದೆ. ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರ ಹನ್ನೊಂದು ಎಂದು ಇಡೀ ತರಗತಿ ರಾಗವಾಗಿ ಓದಿತು. ಕಿಟಕಿ ಪಕ್ಕದ ಹುಡುಗನೊಬ್ಬ, "ಮದುವೇಲಿ ಮುಯ್ಯಿ ಹಾಕೋ ಥರ ಇದೆ ಮಿಸ್" ಎಂದ. ಎಲ್ಲರೂ ನಕ್ಕರು. ಪಾಠ ಚೆನ್ನಾಗಿ ಹೋಗುತ್ತಿದೆ ಎಂದು ನನಗೂ ಅನ್ನಿಸಿತು.

ಆಗ ಮೂರನೇ ಬೆಂಚಿನ ಹುಡುಗಿ ಎದ್ದು ನಿಂತಳು. "ಮಿಸ್, ಈ ಒಂದುಗಳ ಸಂಖ್ಯೆಗಳು ಬೇರೆ ಯಾವುದರಿಂದಾದ್ರೂ ಭಾಗ ಆಗುತ್ತಾ, ಇಲ್ಲಾ ಎಲ್ಲಾ ಅವಿಭಾಜ್ಯನಾ?"

ಇದು ನನ್ನ ಪಾಠ ಯೋಜನೆಯಲ್ಲಿ ಇರಲಿಲ್ಲ. ಗಡಿಯಾರ ನೋಡಿದೆ, ಹನ್ನೆರಡು ನಿಮಿಷ ಉಳಿದಿತ್ತು. ಮೌಲ್ಯಮಾಪನದ ಪ್ರಶ್ನೆಗಳು, ಗೃಹಕಾರ್ಯ ಎರಡೂ ಬಾಕಿ. ಆದರೂ ಒಳ್ಳೆಯ ಪ್ರಶ್ನೆ, ಹಿಂದೆ ಸರ್ ಬೇರೆ ಕುಳಿತಿದ್ದಾರೆ. ಹಲಗೆಯ ಮೂಲೆಯಲ್ಲಿ 1111 = 11 × 101 ಎಂದು ಬರೆದೆ. ನಾಲ್ಕು ಒಂದುಗಳನ್ನು ಎರಡೆರಡಾಗಿ ಕಟ್ಟಬಹುದು, ಅದಕ್ಕೇ 11ರಿಂದ ಭಾಗವಾಗುತ್ತದೆ. ಆರು ಒಂದುಗಳನ್ನು ಮೂರು ಮೂರಾಗಿ ಕಟ್ಟಬಹುದು, 111111 = 111 × 1001. ಇಲ್ಲಿಯವರೆಗೆ ಹೇಳಿದ್ದೆಲ್ಲ ಸರಿ. ಒಂದುಗಳ ಎಣಿಕೆ ಸಂಯುಕ್ತ ಸಂಖ್ಯೆಯಾಗಿದ್ದರೆ ಆ ದೊಡ್ಡ ಸಂಖ್ಯೆಯೂ ಸಂಯುಕ್ತವೇ. ಅಷ್ಟಕ್ಕೆ ನಿಲ್ಲಿಸಬೇಕಿತ್ತು. ನಾನು ಮುಂದುವರಿದು, "ಐದು, ಏಳು ಅವಿಭಾಜ್ಯ ಅಲ್ವಾ? ಹಾಗಾಗಿ ಐದು ಒಂದುಗಳ ಸಂಖ್ಯೆಯನ್ನೂ ಏಳು ಒಂದುಗಳ ಸಂಖ್ಯೆಯನ್ನೂ ಕಟ್ಟು ಮಾಡೋಕೆ ಆಗಲ್ಲ. ಅವು ಅವಿಭಾಜ್ಯ" ಎಂದುಬಿಟ್ಟೆ.

"111 ಮಿಸ್? ಅದು ಮೂರರಿಂದ ಹೋಗುತ್ತೆ" ಎಂದಳು ಅವಳು. ಮೂರೂ ಅವಿಭಾಜ್ಯ ತಾನೇ ಎಂಬುದು ಅವಳ ಮಾತಿನ ಒಳಗಿದ್ದ ಪ್ರಶ್ನೆ. 111 = 3 × 37. ನನ್ನ ಮಾತಿಗೆ ಅಪವಾದ ನನ್ನದೇ ಅಕ್ಷರದಲ್ಲಿ ಹಲಗೆಯ ಮೇಲಿತ್ತು. ನಾನು ಹೇಳಿದ್ದೇನು ಗೊತ್ತೇ? "ಅದು ಅಂಕಿಗಳ ಮೊತ್ತ ಮೂರು ಆಗಿರೋದ್ರಿಂದ, ಅದೊಂದು ಬೇರೆ." ಅವಳು ತಲೆಯಾಡಿಸಿ ಕುಳಿತು, ಕೆಂಪು ಪೆನ್ನಿನಲ್ಲಿ ಚೌಕ ಎಳೆದು ಅದರೊಳಗೆ ಬರೆದುಕೊಂಡಳು: 11,11,111 ಅವಿಭಾಜ್ಯ. ಬೆಂಚುಗಳ ನಡುವೆ ಓಡಾಡುವಾಗ ಆ ಚೌಕ ನೋಡಿ ನಾನು ಸಂತೋಷಪಟ್ಟೆ ಎಂಬುದನ್ನೂ ಇಲ್ಲಿ ಬರೆಯಲೇಬೇಕು.

ರಾತ್ರಿ ಹಾಸ್ಟೆಲ್‌ನಲ್ಲಿ ದಿನಚರಿ ಬರೆಯಲು ಕುಳಿತಾಗ "ಅದೊಂದು ಬೇರೆ" ಎಂಬ ಮಾತಿನ ಹತ್ತಿರ ಪೆನ್ನು ನಿಂತಿತು. ಗಣಿತದಲ್ಲಿ ಒಂದು ಅಪವಾದವಿದ್ದರೆ ಅದು ನಿಯಮವೇ ಅಲ್ಲ ಎಂದು ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೆ, ಅದೂ ಅದೇ ವಾರ. ಮೊಬೈಲಿನ ಕ್ಯಾಲ್ಕ್ಯುಲೇಟರ್ ತೆರೆದು ಮೊದಲು 11,111 ಹಿಡಿದೆ. 7, 11, 13 ಆಗಲಿಲ್ಲ. 41ಕ್ಕೆ ಬಂದಾಗ ದಶಾಂಶವಿಲ್ಲದೆ 271 ಎಂದು ನಿಂತಿತು. ಎದೆ ಧಸಕ್ಕೆಂದಿತು. ಆಮೇಲೆ 11,11,111. ಅವಿಭಾಜ್ಯ ಸಂಖ್ಯೆಗಳನ್ನು ಒಂದೊಂದಾಗಿ ಹಾಕುತ್ತ ಹೋದೆ. 100 ದಾಟಿತು, ಏನೂ ಇಲ್ಲ. 200 ದಾಟಿತು, ಏನೂ ಇಲ್ಲ. ಈ ಒಂದಾದರೂ ಸರಿಯಾಗಿರಲಿ ದೇವರೇ ಎಂದುಕೊಂಡೆ. ಐವತ್ತೆರಡನೇ ಅವಿಭಾಜ್ಯ ಸಂಖ್ಯೆ 239. ಅದನ್ನು ಹಾಕಿದಾಗ 4649 ಎಂದು ಬಂತು. ಬಿಂದುವಿಲ್ಲ, ಬಾಲವಿಲ್ಲ. 239 × 4649 = 11,11,111.

ಕೋಣೆಯ ಗೆಳತಿಗೆ ತೋರಿಸಿದೆ. ಅವಳದು ಸಮಾಜ ವಿಜ್ಞಾನ. "ಯಾರಿಗೆ ಗೊತ್ತಾಗುತ್ತೆ ಬಿಡೇ. ಆ ತರಗತಿಗೆ ನಿನ್ನ ಪಾಠ ಮುಗೀತಲ್ಲ" ಎಂದಳು. ಅದು ನಿಜ. ಎಂಟನೇ ತರಗತಿಯ ನನ್ನ ಪಾಲಿನ ಪಾಠಗಳು ಅಂದಿಗೆ ಮುಗಿದಿದ್ದವು, ಮುಂದಿನ ವಾರದಿಂದ ಒಂಬತ್ತನೇ ತರಗತಿ. ಈ ಪ್ರಶ್ನೆ ಪರೀಕ್ಷೆಯಲ್ಲಿ ಬರುವುದಿಲ್ಲ. ಯಾವ ಮಗುವಿನ ಒಂದು ಅಂಕವೂ ಹೋಗುವುದಿಲ್ಲ. ಹೀಗೆ ಸಮಾಧಾನ ಮಾಡಿಕೊಳ್ಳಲು ಕಾರಣಗಳು ಬೇಕಾದಷ್ಟಿದ್ದವು. ಆದರೆ ಕೇಳಿದ ಹುಡುಗಿ ಅಪವಾದವನ್ನು ತಾನೇ ಕಂಡುಹಿಡಿದು ನನ್ನ ಮುಂದಿಟ್ಟಿದ್ದಳು. ಅವಳು ಸರಿ ಇದ್ದಳು. ನಾನು ಅವಳನ್ನು ಕೂರಿಸಿದ್ದೆ. ತಾನು ನೋಡಿದ್ದಕ್ಕಿಂತ ಮಿಸ್ ಹೇಳಿದ್ದೇ ನಿಜ ಎಂದು ಕೆಂಪು ಚೌಕದಲ್ಲಿ ಬರೆದುಕೊಂಡಿದ್ದಳು. ಅದೇ ನನ್ನನ್ನು ಬಾಧಿಸಿದ್ದು.

ಮರುದಿನ ಶಾಲೆಯ ಗಣಿತ ಶಿಕ್ಷಕರ ಬಳಿ ಹೋಗಿ ವಿಷಯ ಹೇಳಿದೆ. ನಿವೃತ್ತಿಗೆ ಎರಡು ವರ್ಷ ಇರುವ ಹಿರಿಯರು. ಕನ್ನಡಕ ತೆಗೆದು, "ನಂಗೂ ಅದು ಭಾಗ ಆಗುತ್ತೆ ಅಂತ ಗೊತ್ತಿರಲಿಲ್ಲ ನೋಡಮ್ಮ. ಶನಿವಾರ ಕೊನೇ ಎರಡು ಪಿರಿಯಡ್ ತಗೋ. ಆದ್ರೆ ಬರೀ ತಪ್ಪಾಯ್ತು ಅಂತ ಹೇಳಿ ಬರಬೇಡ, ಮಕ್ಕಳ ಕೈಲಿ ಮಾಡಿಸು" ಎಂದರು. ಪಾಠ ಯೋಜನೆಯ ಎಲ್ಲ ಹಂತಗಳನ್ನು ಕಾಲೇಜಿನಲ್ಲಿ ಕಲಿತ ನನಗೆ ಆ ಒಂದು ಮಾತು ಹೊಳೆದಿರಲಿಲ್ಲ.

ಮಕ್ಕಳ ಕೈಲಿ ಹೇಗೆ ಮಾಡಿಸುವುದು? ಘಟಕ ಹೇಗೂ ವರ್ಗಮೂಲದ್ದು. ಒಂದು ಸಂಖ್ಯೆ ಸಂಯುಕ್ತವಾಗಿದ್ದರೆ ಅದರ ಒಂದು ಅವಿಭಾಜ್ಯ ಅಪವರ್ತನವಾದರೂ ಅದರ ವರ್ಗಮೂಲವನ್ನು ಮೀರುವುದಿಲ್ಲ. 11,11,111ರ ವರ್ಗಮೂಲ 1054ಕ್ಕಿಂತ ಸ್ವಲ್ಪ ಹೆಚ್ಚು. ಅಲ್ಲಿಯವರೆಗೆ ಇರುವ ಅವಿಭಾಜ್ಯ ಸಂಖ್ಯೆಗಳು 177. ಅವುಗಳಲ್ಲಿ 2, 3, 5 ಭಾಜ್ಯತೆಯ ನಿಯಮದಿಂದಲೇ ಹೋಗುತ್ತವೆ. 7, 11, 13 ಮೂರಕ್ಕೂ ಒಂದೇ ಉಪಾಯ ಸಾಕು: 7 × 11 × 13 = 1001, 111111 = 111 × 1001. ಏಳು ಒಂದುಗಳ ಸಂಖ್ಯೆ ಎಂದರೆ ಆರು ಒಂದುಗಳ ಹತ್ತರಷ್ಟಕ್ಕೆ ಒಂದು ಸೇರಿಸಿದ್ದು, ಆದ್ದರಿಂದ ಮೂರರಲ್ಲೂ ಶೇಷ 1. ಉಳಿದವು 171. ನಾಲ್ಕು ನಾಲ್ಕರಂತೆ 42 ಚೀಟಿ ಮಾಡಿದೆ, 168 ಆಯಿತು. ಕೊನೆಯ ಮೂರು, 1039, 1049, 1051, ನನ್ನ ಪಾಲಿಗೆ ಇಟ್ಟುಕೊಂಡೆ. ಶನಿವಾರ ಹಾಜರಿದ್ದವರೂ ಸರಿಯಾಗಿ ನಲವತ್ತೆರಡು ಜನ.

"ಮೊನ್ನೆ ನಾನು ಈ ಸಂಖ್ಯೆ ಅವಿಭಾಜ್ಯ ಅಂದೆ. ಪರೀಕ್ಷೆ ಮಾಡದೆ ಹೇಳಿದೆ. ಹಾಗೆ ಹೇಳಬಾರದಿತ್ತು. ಇವತ್ತು ಪರೀಕ್ಷೆ ಮಾಡೋಣ" ಎಂದು ಆರಂಭಿಸಿದೆ. ತಪ್ಪು ಎಂದು ಗೊತ್ತಾಗಿದೆ ಅನ್ನುವುದನ್ನು ಮಾತ್ರ ಹೇಳಲಿಲ್ಲ. ಅದು ಸರಿಯೋ ತಪ್ಪೋ ಎಂದು ಈಗಲೂ ಯೋಚಿಸುತ್ತೇನೆ. ಮೂರನೇ ಬೆಂಚಿನ ಹುಡುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

ಭಾಗಾಕಾರ ಶುರುವಾಯಿತು. ಏಳಂಕಿಯ ಸಂಖ್ಯೆಯನ್ನು ಮೂರಂಕಿಯಿಂದ ಭಾಗಿಸುವುದು ಎಂಟನೇ ತರಗತಿಗೂ ಸುಲಭವಲ್ಲ. ಮಗ್ಗಿ ನಿಧಾನವಾಗಿ ಬರುವವರು ನಾಲ್ಕೈದು ಮಂದಿ ಇದ್ದರು, ಅವರ ಪಕ್ಕ ಕುಳಿತು ಭಾಜಕದ ಒಂಬತ್ತರವರೆಗಿನ ಗುಣಲಬ್ಧಗಳನ್ನು ಮೊದಲೇ ಬದಿಯಲ್ಲಿ ಬರೆದುಕೊಳ್ಳಲು ಹೇಳಿದೆ. ಮೊದಲ ಚೀಟಿಯವನು 17, 19, 23, 29 ಮುಗಿಸಿ ಶೇಷ 8, 10, 4, 5 ಎಂದು ಕೂಗಿದ. ಹಲಗೆಯ ಮೇಲೆ ಪಟ್ಟಿ ಬೆಳೆಯಿತು. ಮೊದಲ ಪಿರಿಯಡ್ ಮುಗಿದು ಎರಡನೆಯದು ಅರ್ಧವಾಗುವ ಹೊತ್ತಿಗೆ 168ಕ್ಕೂ ಶೇಷ ಬಂದಿತ್ತು. ಎಲ್ಲಿಯೂ ಸೊನ್ನೆ ಇಲ್ಲ.

"ಹಾಗಾದ್ರೆ ಅವಿಭಾಜ್ಯನೇ ಮಿಸ್! ನೀವು ಹೇಳಿದ್ದೇ ಸರಿ!" ಎಂದು ಮಕ್ಕಳು ಕೂಗಿದರು. ಕೆಲವರು ಚಪ್ಪಾಳೆಯನ್ನೂ ತಟ್ಟಿದರು.

ನನ್ನ ಸ್ಥಿತಿ ಊಹಿಸಿ. ಹನ್ನೆರಡನೇ ಚೀಟಿಯಲ್ಲಿ 233, 239, 241, 251 ಇದ್ದವು. 239ರ ಮುಂದೆ ಶೇಷ 44 ಎಂದು ಹಲಗೆಯಲ್ಲಿ ನಾನೇ ಬರೆದಿದ್ದೆ. ಆ ಚೀಟಿಯ ಹುಡುಗ ಯಾವತ್ತೂ ಬಾಯಿ ಬಿಡದವನು, ಅಂದು ಮೊದಲ ಬಾರಿಗೆ ಎದ್ದು ನಿಂತು ನಾಲ್ಕೂ ಶೇಷ ಹೇಳಿದ್ದ. "ನಿನ್ನದು ತಪ್ಪು" ಎಂದು ಅವನೊಬ್ಬನಿಗೆ ಹೇಳಲು ಮನಸ್ಸು ಬರಲಿಲ್ಲ. ಹೇಳಿದರೆ ನನಗೆ ಉತ್ತರ ಮೊದಲೇ ಗೊತ್ತಿತ್ತು ಎಂಬುದೂ ಬಯಲಾಗುತ್ತಿತ್ತು, ಅದನ್ನೂ ಒಪ್ಪಿಕೊಳ್ಳುತ್ತೇನೆ.

"168 ಲೆಕ್ಕದಲ್ಲಿ ಒಂದು ತಪ್ಪಾಗಿದ್ರೂ ನಮ್ಮ ತೀರ್ಮಾನ ಬಿದ್ದುಹೋಗುತ್ತೆ. ಎಲ್ಲರೂ ಪಕ್ಕದವರ ಜೊತೆ ಪುಸ್ತಕ ಬದಲಾಯಿಸಿ. ತಾಳೆ ನೋಡಿ" ಎಂದೆ. ಭಾಜಕ × ಭಾಗಲಬ್ಧ + ಶೇಷ ಮಾಡಿದರೆ ಭಾಜ್ಯ ಬರಬೇಕು. ಕೆಳಗಿನ ತರಗತಿಗಳಲ್ಲೇ ಕಲಿತ, ಆದರೆ ಯಾರೂ ಮಾಡದ ತಾಳೆ. ಸ್ವಲ್ಪ ಹೊತ್ತಿಗೆ ಅಲ್ಲೊಂದು ಇಲ್ಲೊಂದು ಸದ್ದು: "ನಿಂದು ತಪ್ಪು ಕಣೋ." ಒಟ್ಟು ಹನ್ನೊಂದು ಲೆಕ್ಕ ತಪ್ಪಾಗಿದ್ದವು. ಹನ್ನೆರಡನೇ ಚೀಟಿ ಪಕ್ಕದ ಬೆಂಚಿನ ಹುಡುಗಿಗೆ ಹೋಗಿತ್ತು. "ಮಿಸ್, 239ಕ್ಕೆ ತಾಳೆ ನೋಡಿದ್ರೆ 11,12,111 ಬರುತ್ತೆ. ಒಂದು ಸಾವಿರ ಜಾಸ್ತಿ."

ಆ ಹುಡುಗನನ್ನೇ ಹಲಗೆಗೆ ಕರೆದೆ. 1111ರಲ್ಲಿ 239 ನಾಲ್ಕು ಸಲ, 956, ಉಳಿದದ್ದು 155. ಒಂದು ಇಳಿಸಿ 1551. ಆರು ಸಲ. ಅಲ್ಲಿ 1424 ಎಂದು ಬರೆದ. "ಒಂಬತ್ತಾರಲಿ?" ಎಂದು ಹಿಂದಿನಿಂದ ಯಾರೋ ಕೇಳಿದರು. "ಐವತ್ನಾಲ್ಕು" ಎಂದ. ದಶಕದ ಐದರ ಬದಲು ನಾಲ್ಕು ಹೊತ್ತುಕೊಂಡಿದ್ದ. ತಾನೇ ನೋಡಿ ಅಳಿಸಿ 1434 ಮಾಡಿದ. ಉಳಿದದ್ದು 117, ಒಂದು ಇಳಿಸಿ 1171. ನಾಲ್ಕು ಸಲ, 956. ಉಳಿದದ್ದು 215, ಒಂದು ಇಳಿಸಿ 2151. ಒಂಬತ್ತು ಸಲ. ಒಂಬತ್ತನ್ನು ಗುಣಿಸಿ 2151 ಎಂದು ಬರೆದವನು, ಕೆಳಗೆ ಸೊನ್ನೆ ಬರೆಯದೆ ನನ್ನ ಕಡೆ ತಿರುಗಿದ. "ಹೋಯ್ತು ಮಿಸ್" ಎಂದ, ಏನೋ ಒಡೆದು ಹಾಕಿದವನಂತೆ.

ತರಗತಿಯಲ್ಲಿ ಗದ್ದಲವೋ ಗದ್ದಲ. ಆ ಗದ್ದಲದಲ್ಲೇ ಹೇಳಿದೆ: "ಮೊನ್ನೆ ನಾನು ಹೇಳಿದ್ದು ತಪ್ಪು. 111 ಇರುವಾಗ ಆ ನಿಯಮ ಹೇಳಲೇಬಾರದಿತ್ತು. ಅದನ್ನ ತೋರಿಸಿದವಳು ಇವಳು, ನಾನು ಕೇಳಿಸಿಕೊಳ್ಳಲಿಲ್ಲ." ಹುಡುಗಿ ತಲೆ ತಗ್ಗಿಸಿ ಕೆಂಪು ಚೌಕದ ಮೇಲೆ ಗೆರೆ ಎಳೆಯುತ್ತಿದ್ದಳು. ಗೆರೆ ಎಳೆದು ಮುಗಿಸಿ ಕೇಳಿದಳು, "ಹಾಗಾದ್ರೆ ಎಷ್ಟು ಒಂದು ಇದ್ರೆ ಅವಿಭಾಜ್ಯ ಆಗುತ್ತೆ ಮಿಸ್?" ಈ ಸಲ ಓದಿಕೊಂಡು ಹೋಗಿದ್ದೆ. ಎರಡು ಒಂದುಗಳ 11 ಆದ ಮೇಲೆ ಹತ್ತೊಂಬತ್ತು ಒಂದುಗಳವರೆಗೆ ಕಾಯಬೇಕು. ಆಮೇಲೆ ಇಪ್ಪತ್ತಮೂರು. ಆಮೇಲೆ ಒಮ್ಮೆಲೇ 317, ಅದರ ನಂತರ 1031. ಇಂಥವು ಮುಗಿಯದೆ ಸಿಗುತ್ತಲೇ ಹೋಗುತ್ತವೆಯೇ ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ ಎಂದೆ. "ಯಾರಿಗೂ ಅಂದ್ರೆ ಯಾರಿಗೂ?" ಎಂದ ಮುಯ್ಯಿಯ ಹುಡುಗ.

ಸೋಮವಾರ ವೀಕ್ಷಣಾ ಪುಸ್ತಕ ಹಿಡಿದು ಮಾರ್ಗದರ್ಶಕರ ಬಳಿ ಹೋದೆ. ಷರಾ ತಿದ್ದುವರೋ ಅಂಕ ಕಳೆಯುವರೋ ಎಂಬ ಅಳುಕಿತ್ತು. ಅವರು ಪೂರ್ತಿ ಕೇಳಿ, "ನೂರಾ ಎಪ್ಪತ್ತೇಳು ಸಂಖ್ಯೆ ಯಾಕಮ್ಮ? ಬಿಎಸ್‌ಸಿಯಲ್ಲಿ ಫರ್ಮಾನ ಪ್ರಮೇಯ ಓದಿಲ್ವಾ?" ಎಂದರು. ಓದಿದ್ದೆ. ಐದು ಅಂಕದ ಪ್ರಶ್ನೆಗೆ ಬಾಯಿಪಾಠ ಮಾಡಿ ಬರೆದಿದ್ದೆ. ಅದರಿಂದ ಏನಾದರೂ ಕೆಲಸ ಆಗುತ್ತದೆ ಎಂದು ತಿಳಿದದ್ದು ಅಂದೇ.

ಅವರು ಬಿಡಿಸಿ ಹೇಳಿದ್ದು ಹೀಗೆ. 11,11,111ನ್ನು 9ರಿಂದ ಗುಣಿಸಿದರೆ 99,99,999, ಅಂದರೆ ಒಂದು ಕೋಟಿಗೆ ಒಂದು ಕಡಿಮೆ. ನಮ್ಮ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಸಂಖ್ಯೆಯಿಂದ 10, 100, 1000 ಇವುಗಳನ್ನು ಸಾಲಾಗಿ ಭಾಗಿಸುತ್ತ ಹೋದರೆ ಹತ್ತರ ಏಳನೇ ಘಾತಕ್ಕೆ ಶೇಷ 1 ಬರುತ್ತದೆ. ಏಳು ಅವಿಭಾಜ್ಯವಾದ್ದರಿಂದ ಅದಕ್ಕೂ ಮೊದಲು 1 ಬರಬೇಕೆಂದರೆ ಮೊದಲ ಹೆಜ್ಜೆಯಲ್ಲೇ ಬರಬೇಕು. ಹಾಗಾದರೆ ಆ ಸಂಖ್ಯೆ 9ನ್ನು ಭಾಗಿಸಬೇಕು, ಅಂದರೆ 3 ಆಗಬೇಕು. 3 ನಮ್ಮ ಸಂಖ್ಯೆಯನ್ನು ಭಾಗಿಸುವುದಿಲ್ಲ. ಫರ್ಮಾನ ಪ್ರಮೇಯದ ಪ್ರಕಾರ, ಆ ಅವಿಭಾಜ್ಯ ಸಂಖ್ಯೆಗಿಂತ ಒಂದು ಕಡಿಮೆ ಘಾತಕ್ಕೂ ಶೇಷ 1. ಆದ್ದರಿಂದ ಅದರಲ್ಲಿ ಒಂದು ಕಳೆದರೆ ಉಳಿಯುವುದು 7ರ ಅಪವರ್ತ್ಯವಾಗಿರಲೇಬೇಕು. ಅದು ಸಮಸಂಖ್ಯೆಯೂ ಹೌದು, ಹಾಗಾಗಿ 14ರ ಅಪವರ್ತ್ಯ. ಅಂದರೆ 15, 29, 43, 57, 71 ಹೀಗೆ ಹದಿನಾಲ್ಕು ಹದಿನಾಲ್ಕು ಕೂಡುತ್ತ ಹೋಗಿ ಅವಿಭಾಜ್ಯವಾದವನ್ನು ಮಾತ್ರ ಇಟ್ಟುಕೊಂಡರೆ: 29, 43, 71, 113, 127, 197, 211, 239. ಎಂಟನೆಯದೇ ಉತ್ತರ. ನಲವತ್ತೆರಡು ಮಕ್ಕಳಿಂದ 168 ಭಾಗಾಕಾರ ಮಾಡಿಸಿದ್ದೆ, ಬೇಕಾಗಿದ್ದದ್ದು ಎಂಟು. 4649 ಕೂಡ ಅವಿಭಾಜ್ಯವೇ ಎಂದು ತಿಳಿಯಲು 29, 43 ಎರಡನ್ನು ನೋಡಿದರೆ ಸಾಕು, ಏಕೆಂದರೆ ಅದರ ವರ್ಗಮೂಲ 69ನ್ನೂ ಮುಟ್ಟುವುದಿಲ್ಲ.

ಇನ್ನೊಂದನ್ನೂ ತೋರಿಸಿದರು. 1ನ್ನು 239ರಿಂದ ಭಾಗಿಸಿದರೆ 0.0041841 0041841 ಎಂದು ಏಳಂಕಿಯ ಗುಂಪು ಮರುಕಳಿಸುತ್ತದೆ. 4649ರಿಂದ ಭಾಗಿಸಿದರೆ 0.0002151 0002151. ಹೀಗೆ ಸರಿಯಾಗಿ ಏಳಂಕಿ ಮರುಕಳಿಸುವ ಅವಿಭಾಜ್ಯ ಛೇದಗಳು ಇವೆರಡೇ, ಬೇರೊಂದಿಲ್ಲ. ಒಂಬತ್ತನೇ ತರಗತಿಯ ಆವರ್ತ ದಶಾಂಶದ ಪಾಠಕ್ಕೆ ಇದನ್ನು ಎತ್ತಿಟ್ಟುಕೊಂಡೆ.

ನನ್ನ ತಪ್ಪಿಗೆ ದೊಡ್ಡವರ ಜೊತೆಯೂ ಇದೆ ಎಂದು ಆಮೇಲೆ ಓದಿ ತಿಳಿದೆ. ಎರಡರ ಆಧಾರದಲ್ಲಿ ಬರೆದರೆ ಬರೀ ಒಂದುಗಳೇ ಇರುವ ಸಂಖ್ಯೆಗಳು ಮರ್ಸೆನ್ ಸಂಖ್ಯೆಗಳು. ಅಲ್ಲಿಯೂ ಹನ್ನೊಂದು ಒಂದುಗಳದ್ದು 2047, ಅದು 23 × 89. ಮರ್ಸೆನ್ 1644ರಲ್ಲಿ ಅರವತ್ತೇಳು ಒಂದುಗಳದ್ದು ಅವಿಭಾಜ್ಯ ಎಂದು ಪಟ್ಟಿಯಲ್ಲಿ ಸೇರಿಸಿದ್ದ. ಅದರ ಅಪವರ್ತನಗಳನ್ನು ಕೋಲ್ ಎಂಬ ಗಣಿತಜ್ಞ 1903ರಲ್ಲಿ ಕೊಟ್ಟ. ನನ್ನದು ಮೂರು ದಿನಕ್ಕೆ ತಿದ್ದಿತು.

ಷರಾವನ್ನು ಮಾರ್ಗದರ್ಶಕರು ಹೊಡೆಯಲಿಲ್ಲ. ಅದರ ಕೆಳಗೆ ಶನಿವಾರದ ದಿನಾಂಕ ಹಾಕಿ, "ಅದೇ ಪ್ರಶ್ನೆಗೆ ಎರಡನೇ ಬಾರಿ ಉತ್ತರಿಸಿದ್ದಾರೆ" ಎಂದು ಒಂದು ಸಾಲು ಸೇರಿಸಿದರು. ಅಂಕ ಮೊದಲಿದ್ದಷ್ಟೇ.

ಬೋಧನಾಭ್ಯಾಸದ ಕೊನೆಯ ದಿನ ಮೂರನೇ ಬೆಂಚಿನ ಹುಡುಗಿ ಸ್ಟಾಫ್ ರೂಮಿನ ಬಾಗಿಲಿಗೆ ಬಂದಳು. ಕೈಯಲ್ಲಿ ಉದ್ದದ ರಫ್ ಪುಸ್ತಕ. ಹದಿಮೂರು ಒಂದುಗಳ ಸಂಖ್ಯೆ 53ರಿಂದ ಭಾಗವಾಗುತ್ತದೆ, ತಾಳೆಯನ್ನೂ ನೋಡಿದ್ದೇನೆ ಎಂದಳು. ನೋಡಿದ್ದಳು, ಸರಿಯಾಗಿತ್ತು. "ಹನ್ನೊಂದು ಒಂದುಗಳದ್ದು ಮಾತ್ರ ಸಿಕ್ತಾ ಇಲ್ಲ ಮಿಸ್. 300ರವರೆಗೆ ಬಂದಿದ್ದೀನಿ. ಇದೆಯಾ, ಇಲ್ವಾ?"

ಅದರ ಅಪವರ್ತನಗಳು 21,649 ಮತ್ತು 5,13,239. ಅವಿಭಾಜ್ಯಗಳನ್ನು ಒಂದೊಂದಾಗಿ ಹಿಡಿದು ಹೋದರೆ ಈ ಮಗು 21,649 ಮುಟ್ಟುವುದು ಯಾವಾಗ? ಇದೆ ಎಂದಷ್ಟೇ ಹೇಳಿದೆ, ಎಷ್ಟು ಎಂದು ಹೇಳಲಿಲ್ಲ. "ಎಲ್ಲಾ ನೋಡಬೇಡ. 23ರಿಂದ ಶುರು ಮಾಡಿ ಇಪ್ಪತ್ತೆರಡು ಇಪ್ಪತ್ತೆರಡು ಕೂಡುತ್ತಾ ಹೋಗು. ಬೇರೆ ಯಾವುದೂ ಆಗಲ್ಲ."

"ಯಾಕೆ ಮಿಸ್ ಇಪ್ಪತ್ತೆರಡು?"

ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು. ಕುರ್ಚಿ ಎಳೆದು ಕೂರಿಸಿದೆ. ನಾನು ಕಾಗದ ಹುಡುಕುವಷ್ಟರಲ್ಲಿ ಅವಳು 23, 45, 67, 89 ಎಂದು ಬರೆದು, 45ನ್ನು ತಾನೇ ಹೊಡೆದು ಹಾಕಿದ್ದಳು.